ಒಂದೇ ಕೈಯಲ್ಲಿ ಬಿಚ್ಚುವ ಚಾಕು

ಮಾದಾಪುರ
೧೨-೧೦-೨೦೨೪

ಮಗಳು ಅಮೃತಾಳಿಗೆ ಅಪ್ಪಾಜಿಯ ಆಶೀರ್ವಾದ.

ನೀನು ಚಾಕು ಕೇಳಿ ತಿಂಗಳಾಯಿತು, ತಡವಾದದ್ದಕ್ಕೆ ಬೇಸರ ಮಾಡಬೇಡ. ಫೋನ್ ಇರುವಾಗ ಕಾಗದವೇಕೆ ಎನ್ನಬೇಡ. ನಿನ್ನ ಫೋನನ್ನು ನೀನೊಬ್ಬಳೇ ನೋಡುವುದಿಲ್ಲ. 'ಎಲ್ಲಾ ಚೆನ್ನಾಗಿದೀವಿ ಅಪ್ಪಾಜಿ' ಎನ್ನುವಾಗ ಪಕ್ಕದಲ್ಲೇ ಅಳಿಯಂದಿರು ಕೆಮ್ಮುವುದು ಕೇಳಿಸುತ್ತದೆ. ನಾನು ಮನೆಗೆ ಬಂದರೂ ನಾವಿಬ್ಬರೇ ಮಾತಾಡಲು ಬಿಟ್ಟು ಅವರು ಜಾಗದಿಂದ ಏಳುವುದಿಲ್ಲ. ಅದಕ್ಕೇ ನಿನ್ನ ಚಿಕ್ಕಪ್ಪನ ಮಗಳು ಪವಿತ್ರಾ ಇದನ್ನು ನಿನಗೆ ಹೊಲಿದ ರವಿಕೆಯ ಮಡಿಕೆಯೊಳಗಿಟ್ಟು ತರುತ್ತಾಳೆ.

ನಿನ್ನ ಮಡಚುವ ಚಾಕು ಸಿದ್ಧವಾಗಿದೆ. 'ಏಣಿ ಮೇಲೆ ಮೆಣಸಿನ ಬಳ್ಳಿ ಕಟ್ಟುವಾಗ ಒಂದು ಕೈ ಮರ ಹಿಡ್ಕೊಂಡಿರುತ್ತೆ, ಇನ್ನೊಂದರಲ್ಲೇ ಬಿಚ್ಚೋ ಹಾಗೆ ಮಾಡ್ಕೊಡಿ' ಅಂದಿದ್ದೆಯಲ್ಲ. ಕೀಲು ಸಡಿಲ ಮಾಡಿದ್ದರೆ ಚಿಟಿಕೆ ಹೊಡೆಯುವುದರಲ್ಲಿ ಮುಗಿಯುತ್ತಿತ್ತು. ಆದರೆ ಸಡಿಲ ಚಾಕು ಹಿಡಿದವರ ಬೆರಳನ್ನೇ ಕಚ್ಚುತ್ತದೆ. ಅಲಗಿನ ಬಾಯಿಗೆ ಸೈಕಲ್ ಟ್ಯೂಬ್ ಸುತ್ತಿ, ಮರದ ತುಂಡುಗಳ ನಡುವೆ ವೈಸಿಗೆ ಬಿಗಿದು, ಕನ್ನಡಕ ಹಾಕಿಕೊಂಡು ಅಲಗಿನ ಬೆನ್ನಿನ ಹತ್ತಿರ ತೂತು ಕೊರೆದೆ. ಉಕ್ಕು ಕಾದರೆ ಹದ ಕೆಡುತ್ತದೆ, ಆಗಾಗ ಎಣ್ಣೆ ಬಿಟ್ಟೆ. ಹೆಬ್ಬೆರಳಿಂದ ತಳ್ಳಿ ಬಿಚ್ಚಲು ಸಿಗುವಂತೆ ಸಣ್ಣ ಸ್ಕ್ರೂ ಕೂರಿಸಿ, ತುದಿ ಉಜ್ಜಿ ನುಣುಪು ಮಾಡಿದೆ.

ನಿನ್ನೆ ಅದನ್ನು ಬಿಚ್ಚಿ ಮಡಚಿ ನೋಡುತ್ತಿದ್ದಾಗ ನಿನ್ನ ಅವ್ವ ಬಂದಳು. 'ತವರಿಂದ ಮಗಳಿಗೆ ಹರಿತದ್ದು ಕೊಡಬಾರ್ದು ರೀ, ನಂಟು ಕಡಿಯುತ್ತೆ' ಎಂದು ಗದರಿದಳು. ಆಮೇಲೆ ಮೆಲ್ಲಗೆ, 'ಅಲ್ಲಾ, ಅವಳು ಯಾವತ್ತು ಏಣಿ ಹತ್ತಿದಾಳೆ? ಅಟ್ಟ ಹತ್ತೋಕೂ ಕಾಲು ನಡುಗ್ತಿತ್ತಲ್ಲ' ಅಂದಳು. ನಾನು ಚಾಕು ಮಡಚಿ ಕೆಳಗಿಟ್ಟೆ. ಆಮೇಲೆ ಇಬ್ಬರಿಗೂ ಊಟ ಸೇರಲಿಲ್ಲ.

ಚಾಕು ಈ ಕಾಗದದ ಜೊತೆ ಇಲ್ಲ ಮಗಳೇ. ಬಿಚ್ಚಿದವರ ಕೈಯಲ್ಲೇ ಅದು ಉಳಿಯುತ್ತದೆ ಎಂದು ಹೇಳಲಾಗದು. ಕಿತ್ತುಕೊಳ್ಳುವ ಕೈ ನಿನ್ನದಕ್ಕಿಂತ ಗಟ್ಟಿ. ನನಗೆ ಭಯವಾಗುತ್ತಿದೆ.

ಬಸವಣ್ಣ ನಿನ್ನ ಬೆನ್ನಿಗಿರಲಿ.

ನಿನ್ನ ಅಪ್ಪಾಜಿ,
ಚನ್ನಮಲ್ಲಪ್ಪ

ಮರೆತು ಉಳಿದದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ: ನಿನ್ನ ಒಂದು ಕೈ ಹಿಡಿದಿರುವುದು ಮರವನ್ನಲ್ಲ. ಆ ಕೈಯನ್ನು ಅವನು ಹಿಡಿದಿರುತ್ತಾನೆ, ಅಲ್ಲವೇ? ಉತ್ತರ ಬರೆಯಬೇಡ. ಬಟ್ಟೆಬರೆಗೆಂದು ಒಳಗೆ ಹೋಗಬೇಡ. ಪವಿತ್ರಾ ರಸ್ತೆಯಲ್ಲಿ ಆಟೋ ನಿಲ್ಲಿಸಿಕೊಂಡೇ ಬಂದಿದ್ದಾಳೆ. ನಾನು ಗೋಣಿಕೊಪ್ಪಲು ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದೇನೆ.