ಅಕ್ಕನನ್ನು ಸಾಯಿಸಿದ್ದು

ಮಾರ್ಚ್ 3, ಸೋಮವಾರ

ಒಂಬತ್ತು ಸ್ಯಾಂಪಲ್. ಲೈಟ್ ಬಾಕ್ಸಿನ ಬೆಳಕಲ್ಲಿ ಹಳೆ ಬ್ಯಾಚಿನ ಬಣ್ಣದ ತುಂಡು, ಹೊಸ ಬ್ಯಾಚಿನ ತುಂಡು, ಪಕ್ಕಪಕ್ಕ. ಹೋಲಿದರೆ ಸಹಿ, ಇಲ್ಲದಿದ್ದರೆ ವಾಪಸ್. ಈ ಪೇಂಟ್ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಇದೇ. ಇವತ್ತು ಒಂಬತ್ತಕ್ಕೂ ಸಹಿ ಹಾಕಿದೆ. ನೋಡಿದೆನೋ ಇಲ್ಲವೋ, ಹೇಳಲಾರೆ.

ಊಟದ ಡಬ್ಬಿ ತೆರೆಯದೆ ವಾಪಸ್ ತಂದೆ. ಸ್ನಾನ... ನಾಳೆ.

ಮಾರ್ಚ್ 4

ಪಕ್ಕದ ಮೇಜಿನಾಕೆಯ ಕೆಲಸ ಬಣ್ಣ ಎಷ್ಟು ಮಂದ, ಎಷ್ಟು ತೆಳು ಎಂದು ಅಳೆಯುವುದು. ಹಿಡಿದದ್ದನ್ನು ಬಿಡುವವಳಲ್ಲವೆಂದು ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಜಿಗುಟು ಅನ್ನುತ್ತಾರೆ. ಎದುರಿಗೇ.

"ಏನ್ ಸಾರ್ ಮುಖ? ಪ್ರೈಮರ್ ಹೊಡ್ದು ಮರ್ತುಬಿಟ್ಟಿರೋ ಗೋಡೆ ಥರ."

ನಕ್ಕೆ. ಯಾವ ಸ್ನಾಯು ಎಳೆಯಬೇಕೆಂದು ಯೋಚಿಸಿ ನಕ್ಕೆ.

"ಯಾಕ್ ಬೇಜಾರು?"

ಅದೇ ನಾಚಿಕೆ. ಯಾಕೂ ಇಲ್ಲ. ಕೆಲಸವಿದೆ, ಮನೆಯಿದೆ, ಮೈ ಗಟ್ಟಿಯಿದೆ. ಅಮ್ಮ ಹೋದಾಗ ಅತ್ತಿದ್ದೆ. ಅತ್ತು ಸುಸ್ತಾಗಿ, ಹಸಿದು, ಎರಡು ಸಲ ಬಡಿಸಿಕೊಂಡು ಉಂಡಿದ್ದೆ. ಅದು ದುಃಖ. ಇದು — ತಿಂದದ್ದು ಅರಗದವನ ಸೊಕ್ಕು ಇರಬೇಕು.

ಮಾರ್ಚ್ 12, ಬುಧವಾರ

ಸಿಕ್ಕಿಬಿದ್ದೆ. ಮೂರನೇ ತಾರೀಖಿನ ಕೆನೆ ಬಣ್ಣ. ಯಾವುದೋ ಶಾಲೆಯ ಉದ್ದನೆಯ ಗೋಡೆ, ಅರ್ಧಕ್ಕೆ ಹಳೆ ಬ್ಯಾಚು, ಅರ್ಧಕ್ಕೆ ಹೊಸದು. ಮ್ಯಾನೇಜರ್ ಫೋಟೋ ಮುಂದಿಟ್ಟರು. ನಟ್ಟನಡುವೆ ಗೆರೆ. ಇತ್ತ ಕೆನೆ, ಅತ್ತ ಕಾಮಾಲೆ ಬಂದವರ ಕಣ್ಣು. ನಿನ್ನೆ ಸೇರಿದವರೂ ಹಿಡಿಯುತ್ತಿದ್ದ ತಪ್ಪು.

"ಇದಕ್ಕೆ ಸಹಿ ಹಾಕಿದ್ದು ನೀವೇನಾ? ನಂಬಕ್ಕೇ ಆಗ್ತಿಲ್ಲ ರೀ. ಏನಾಯ್ತು?"

ಏನಾದರೂ ಆಗಿರಲೇಬೇಕಿತ್ತು. ಕಾಯುತ್ತಿದ್ದರು.

"ನಮ್ಮಕ್ಕ ಹೋಗ್ಬಿಟ್ಲು ಸಾರ್."

ಎದ್ದು ನಿಂತರು. ಫೋಟೋ ಮಗುಚಿಟ್ಟರು. "ಒಂದ್ ಮಾತು ಹೇಳ್ಬಾರ್ದಾ ನೀವು?" ಅವರ ಕಣ್ಣಲ್ಲಿ ನೀರು. ನನ್ನ ಕಣ್ಣಲ್ಲಿ ಇಲ್ಲ. ಧೈರ್ಯಸ್ಥ ಎಂದುಕೊಂಡರು.

ಅಕ್ಕ ಮೂರು ಗಂಟೆ ಬಸ್ಸಿನ ದೂರದಲ್ಲಿ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ, ಬಂದವರ ಹೆಸರು ಬರೆದುಕೊಳ್ಳುತ್ತ ಕೂತಿದ್ದಾಳೆ. ಗುಂಡುಕಲ್ಲಿನ ಹಾಗೆ.

ಮಾರ್ಚ್ 13

ಎಲ್ಲರೂ ಒಳ್ಳೆಯವರಾಗಿಬಿಟ್ಟಿದ್ದಾರೆ. ನನ್ನ ಪಾಲಿನ ಸ್ಯಾಂಪಲ್‌ಗಳನ್ನೂ ಬೇರೆಯವರೇ ನೋಡುತ್ತಾರೆ. ಜಿಗುಟು ತನ್ನ ಊಟದಲ್ಲಿ ಅರ್ಧ ಕೊಟ್ಟಳು.

"ನಮ್ಮಣ್ಣ ಹೋದಾಗ ನಂಗೂ ಹೀಗೇ. ಬಿಕ್ಕಳಿಕೆ ಥರ ಸಾರ್, ಬರತ್ತೆ, ಬಿಡತ್ತೆ. ಮಧ್ಯೆ ಅವನ ತರಲೆ ನೆನಪಾಗಿ ನಗೂ ಬರತ್ತೆ. ನಿಮಗೆ ಬರಲ್ವಾ?"

"ಬರತ್ತೆ."

ಬರುವುದಿಲ್ಲ. ನನ್ನದು ಬಿಡುವುದೂ ಇಲ್ಲ. ಬೆಳಿಗ್ಗೆ ಎಷ್ಟಿತ್ತೋ ಸಂಜೆಗೂ ಅಷ್ಟೇ. ಅವಳ ಅಣ್ಣನ ನಿಜವಾದ ಸಾವಿನ ಪಕ್ಕ ನನ್ನ ಸುಳ್ಳು ಸಾವನ್ನು ಕೂರಿಸಿ, ಅವಳ ಊಟ ತಿಂದೆ. ರುಚಿಯೂ ತಿಳಿಯಲಿಲ್ಲ.

ಮಾರ್ಚ್ 28, ಶುಕ್ರವಾರ

"ಎರಡ್ ವಾರ ಆಯ್ತಲ್ಲ, ಸ್ವಲ್ಪ ಹಗುರ ಆಗಿರ್ಬೇಕು?" — ಮ್ಯಾನೇಜರ್.

ಆಗಬೇಕಿತ್ತು. ದುಃಖಕ್ಕೆ ಒಂದು ಅವಧಿಯಿದೆ, ಸುಳ್ಳು ದುಃಖಕ್ಕೂ. ನನ್ನದು ಮುಗಿಯುತ್ತ ಬಂತು. ಮುಂದೆ ಯಾರನ್ನು ಸಾಯಿಸಲಿ?

ಅಕ್ಕ ಫೋನ್ ಮಾಡಿದರೆ ನಾನು ಎತ್ತುತ್ತಿಲ್ಲ. ಹನ್ನೊಂದು ಸಲ. ಸತ್ತವಳ ಹತ್ತಿರ ಏನು ಮಾತಾಡುವುದು.

ಏಪ್ರಿಲ್ 2, ಸಂಜೆ

ಅಕ್ಕ ಬಂದೇಬಿಟ್ಟಳು. ಕಾರ್ಖಾನೆಗೇ. ನನ್ನನ್ನು ಗೇಟಿಗೆ ಕರೆಸಿದರು. ಜಿಗುಟೂ ಹಿಂದೆಯೇ ಬಂದಳು.

ವಾಚ್‌ಮನ್ ತಲೆ ಕೆರೆದುಕೊಳ್ಳುತ್ತಿದ್ದ. "ಇವರು ನಿಮ್ಮ ಇನ್ನೊಬ್ಬ ಅಕ್ಕಾನಾ ಸಾರ್?"

"ಇನ್ನೊಬ್ಳು ಯಾರಪ್ಪಾ? ಇವನಿಗೆ ಇರೋದೇ ನಾನೊಬ್ಳು."

ಜಿಗುಟು ಅಕ್ಕನನ್ನು ನೋಡಿದಳು. ನನ್ನನ್ನು ನೋಡಿದಳು. ತಿರುಗಿ ಒಳಗೆ ಹೋದಳು. ಬೈದಿದ್ದರೆ ಬದುಕುತ್ತಿದ್ದೆ.

ಬಸ್ ಸ್ಟಾಪಿನ ಬೆಂಚಿನ ಮೇಲೆ ಅಕ್ಕನಿಗೆ ಎಲ್ಲ ಹೇಳಿದೆ.

"ಏನಾಗಿ ಸತ್ತೆ ಕಣೋ ನಾನು?"

"ಹೇಳಿರ್ಲಿಲ್ಲ."

"ಹಾರ್ಟು ಅಂತಾದ್ರೂ ಹೇಳ್ಬೇಕಿತ್ತು. ಮರ್ಯಾದಸ್ಥರ ಸಾವು." ನಗಲು ಹೋದಳು, ಆಗಲಿಲ್ಲ. ನನ್ನ ಬೆಲ್ಟಿಗೆ ಹೊಸದಾಗಿ ಕೊರೆದ ಎರಡು ತೂತುಗಳ ಮೇಲೆ ಬೆರಳಿಟ್ಟಳು. "ನನ್ನನ್ನೇ ಸಾಯಿಸೋ ಅಂಥದ್ದು ಏನಾಗಿತ್ತೋ ನಿಂಗೆ?"

"ಏನೂ ಆಗಿರ್ಲಿಲ್ಲ ಅಕ್ಕ. ಅದಕ್ಕೇ."

ಏಪ್ರಿಲ್ 4, ಶುಕ್ರವಾರ

ಮನಸ್ಸಿನ ಡಾಕ್ಟರು. ಅಕ್ಕ ಹೊರಗೆ ಕೂತಳು. ಯಾರಾದರೂ ಪರಿಚಯದವರು ನೋಡಿಯಾರೆಂದು ನಾನು ಪೇಪರ್ ಅಡ್ಡ ಹಿಡಿದಿದ್ದೆ.

ನಿದ್ದೆ, ಊಟ, ತೂಕ. ಏನಾದರೂ ಇಷ್ಟವಾಗುತ್ತದೆಯೇ. ಸಾಯಬೇಕು ಅನಿಸಿದೆಯೇ. ನಿಜ ಹೇಳಿದೆ. ಅಕ್ಕನನ್ನು ಒಳಗೆ ಕರೆದು, ಸದ್ಯ ಇವರನ್ನು ಒಂಟಿಯಾಗಿ ಬಿಡಬೇಡಿ ಎಂದರು.

"ಆದ್ರೆ ಡಾಕ್ಟ್ರೇ, ಕಾರಣ ಏನೂ ಇಲ್ಲ" ಎಂದೆ, ಕಳ್ಳನ ಹಾಗೆ.

"ಸಕ್ಕರೆ ಕಾಯಿಲೆ ಬರಕ್ಕೆ ಮನೇಲಿ ಯಾರಾದ್ರೂ ಸಾಯ್ಬೇಕಾ? ಬೇಜಾರು ಬೇರೆ, ಇದು ಬೇರೆ. ಬೇಜಾರಿದ್ದವರು ಒಳ್ಳೆ ಸುದ್ದಿ ಬಂದ್ರೆ ಒಂದ್ ಗಳಿಗೆ ಮೇಲೇಳ್ತಾರೆ. ನೀವು ಎದ್ರಾ?"

ಇಲ್ಲ. ಅಕ್ಕ ಎದುರಿಗೆ ಬಂದು ನಿಂತಾಗಲೂ ಇಲ್ಲ. ಖಿನ್ನತೆ ಎಂದರು. ಮಾತ್ರೆ. ಎರಡು ವಾರಕ್ಕೆ ಮತ್ತೆ.

ಹೆಸರು ಸಿಕ್ಕಿತು. ನಾಚಿಕೆ ಹೋಗಲಿಲ್ಲ. ಅದು ಸುಳ್ಳಿನ ಲೆಕ್ಕ, ಅದನ್ನು ನಾನೇ ಮಾಡಿದ್ದೇನೆ.

ಏಪ್ರಿಲ್ 7, ಸೋಮವಾರ, ಊಟದ ಹೊತ್ತು

ಬೆಳಿಗ್ಗೆ ಮ್ಯಾನೇಜರಿಗೆ ನಿಜ ಹೇಳಿದೆ. ಕಿಟಕಿ ನೋಡುತ್ತ ಕೇಳಿದರು. "ಆಯ್ತು, ಹೋಗಿ" ಎಂದರು. ಯಾವ ಅರ್ಥದಲ್ಲೋ.

ಜಿಗುಟುವಿನ ಮೇಜಿನ ಮುಂದೆ ನಿಂತೆ. ಅಳೆಯುತ್ತಲೇ ಇದ್ದಳು.

"ನಿಮ್ಮಕ್ಕ ಚೆನ್ನಾಗಿದಾರಾ?"

"ಚೆನ್ನಾಗಿದಾಳೆ."

"ಮತ್ತೆ ಆಗಿರೋದು ಯಾರಿಗೆ?"

"ನನಗೆ."

ತಲೆ ಎತ್ತಲಿಲ್ಲ. ವಾಪಸ್ ಬಂದು ಇಲ್ಲಿ ಸ್ಟೋರ್‌ರೂಮಿನಲ್ಲಿ ಕೂತಿದ್ದೇನೆ. ಈಗ ಬಾಗಿಲು ತಳ್ಳಿಕೊಂಡು ಬಂದಿದ್ದಾಳೆ. ಕೋಪ ಹಾಗೇ ಇದೆ ಮುಖದ ಮೇಲೆ. "ಯಾವಾಗಿಂದ ಸಾರ್?" ಎನ್ನುತ್ತಿದ್ದಾಳೆ. ಉತ್ತರ ಸಿಗುವ ತನಕ ಹೋಗುವವಳಲ್ಲ. ಯಾವಾಗಿಂದ ಎಂದರೆ —