ಒಳಚಿಲಕ

ಮಾರಿಕಣಿವೆ ಹಿನ್ನೀರಿನ ರೆಸಾರ್ಟು,
ರೂಮು ನಂಬರ್ ಹದಿನಾಲ್ಕು.
ಗುರುವಾರ, 13-11-2025

ರಂಗೇಶನ ಅಪ್ಪನಿಗೆ ಹುಚ್ಚಕ್ಕ ಮಾಡುವ ನಮಸ್ಕಾರ.

ಇಲ್ಲಿ ನಾನು ಚೆನ್ನಾಗಿದ್ದೇನೆ. ಅಲ್ಲಿ ನೀವು, ಮಗ ರಂಗೇಶ, ಸೊಸೆ ರಂಜಿತಾ, ಕುರಿ, ಮರಿ ಎಲ್ಲ ಚೆನ್ನಾಗಿರಬೇಕು. ಫೋನ್ ಇರುವಾಗ ಇವಳಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹತ್ತಿತು ಅಂತ ಕೇಳುತ್ತೀರಿ. ಫೋನ್ ಮಾಡಿದರೆ ನೀವು ಸ್ಪೀಕರ್ ಹಾಕುತ್ತೀರಿ. ನಾನು ಇಲ್ಲಿ ಒಂದು ಸಲ ಕೆಮ್ಮಿದರೆ ಅಲ್ಲಿ ಹಟ್ಟಿ ಪೂರಾ ಕೇಳಿಸಿಕೊಂಡು, ಸಂಜೆಯೊಳಗೆ ನಾಲ್ಕು ಮನೆಯಿಂದ ಕಷಾಯದ ಸಲಹೆ ಬರುತ್ತದೆ. ಇದರಲ್ಲಿರುವುದು ನಿಮಗೊಬ್ಬರಿಗೆ ಹೇಳುವ ಮಾತು. ಅದಕ್ಕೇ ಫೋನ್ ಆಫ್ ಮಾಡಿ ಸೀರೆ ಮಡಿಕೆಯಲ್ಲಿ ಇಟ್ಟಿದ್ದೇನೆ. ಮಾಡದಕೆರೆ ಸ್ಕೂಲಿನಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರವನ್ನು ಇಷ್ಟು ವರ್ಷ ಸಹಿ ಹಾಕಲಿಕ್ಕೆ ಮಾತ್ರ ಬಳಸಿದೆ. ಇವತ್ತು ಪೂರ್ತಿ ಬಳಸುತ್ತೇನೆ.

ಸೋಮವಾರ ನಮ್ಮ ಹೊಸ ಮನೆಗೆ ಪಾಯ ತೆಗೆಯುತ್ತಾರೆ. ಮೇಸ್ತ್ರಿ ಯತ್ತಪ್ಪ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುವ ಮುಂಚೆ ಈ ಕಾಗದ ನಿಮ್ಮ ಕೈ ಸೇರಬೇಕು. ಹೇಗೆ ಸೇರಿಸುವುದು ಎಂಬ ಯೋಚನೆ ನನಗೆ ಬಿಡಿ.

ನೀವು ಇಲ್ಲಿಗೆ ಬರಲಿಲ್ಲ. ಕುರಿ ಮರಿ ಹಾಕುವ ಕಾಲ ಅಂದಿರಿ. ನನ್ನ ತಮ್ಮ ಜುಂಜೇಶನ ಮೇಲಿನ ಕೋಪವೂ ಸ್ವಲ್ಪ ಸೇರಿತ್ತು ಅಂತ ನನಗೆ ಗೊತ್ತು. ಅವನು ಮಾಡಿದ್ದೂ ಹಾಗೇ ಇದೆ. ದಾವಣಗೆರೆಯಲ್ಲಿ ಬಟ್ಟೆ ಅಂಗಡಿಗೆ ಹೋದವನು ಚೀಟಿ ಬರೆದು ಡಬ್ಬಕ್ಕೆ ಹಾಕಿದ. ಬಹುಮಾನ ಬಂದಿದೆ, ಜೋಡಿಯಾಗಿ ಊಟಕ್ಕೆ ಬನ್ನಿ ಅಂತ ಫೋನ್ ಬಂತು. ಗಂಡ ಹೆಂಡತಿ ಉಂಡು ಬರುವಾಗ ಒಂದು ಕೈಯಲ್ಲಿ ಕುಕ್ಕರು, ಇನ್ನೊಂದು ಕೈಯಲ್ಲಿ ದುಡ್ಡು ಕಟ್ಟಿಸಿಕೊಂಡು ಕೊಟ್ಟ ಇಪ್ಪತ್ತೈದು ವರ್ಷದ ಮೆಂಬರ್‌ಶಿಪ್ಪಿನ ಕಾಗದ. ವರ್ಷಕ್ಕೊಂದು ವಾರ ಈ ಕಂಪನಿಯ ರೆಸಾರ್ಟಿನಲ್ಲಿ ಇರಬಹುದು, ಇರದಿದ್ದರೆ ಆ ವಾರ ಹಾಳು. ಕುರಿ ಕಾಯುವ ಮನೆಯಲ್ಲಿ ಹುಟ್ಟಿ ಕೊನೆಗೆ ತಾನೇ ಕುರಿಯಾದ ಅಂತ ನೀವು ಎಲ್ಲರ ಮುಂದೆ ಅಂದಿದ್ದು ಅವನಿಗೆ ಇನ್ನೂ ಚುಚ್ಚುತ್ತಿದೆ. ಆದರೂ ಈ ವರ್ಷದ ವಾರವನ್ನು ಅಕ್ಕ ಭಾವ ಹೋಗಲಿ ಅಂತ ನಮಗೆ ಕೊಟ್ಟ. ಭಾವ ಹೋಗಲಿಲ್ಲ. ಒಬ್ಬಳನ್ನೇ ಕಳಿಸುವುದು ಬೇಡ ಅಂತ ನೀವು ನಿಮ್ಮ ಅಕ್ಕ ಗಂಗಕ್ಕನನ್ನು ನನ್ನ ಕಾವಲಿಗೆ ಕಳಿಸಿದಿರಿ.

ಭಾನುವಾರ ಬಂದು ರೂಮಿಗೆ ಕಾಲಿಟ್ಟೆವು. ಎರಡು ಮಂಚ, ದೊಡ್ಡ ಕನ್ನಡಿ, ಕಿಟಕಿಯಲ್ಲಿ ಕಣಿವೆಯ ನೀರು. ನಾನು ಅದ್ಯಾವುದನ್ನೂ ಮೊದಲು ನೋಡಲಿಲ್ಲ. ನನ್ನ ಕಣ್ಣು ಬಿದ್ದಿದ್ದು ಬಾಗಿಲಿನ ಒಳಗಡೆ ಇದ್ದ ಹಿತ್ತಾಳೆ ಚಿಲಕದ ಮೇಲೆ. ಒಂದು ಬೆರಳಲ್ಲಿ ತಳ್ಳಿದರೆ ಸದ್ದಿಲ್ಲದೆ ಹೋಗಿ ಕೂರುತ್ತದೆ. ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ಗಂಗಕ್ಕ, ಮುರಿದರೆ ನಿನ್ನ ತಮ್ಮ ದಂಡ ಕಟ್ಟಬೇಕಾಗುತ್ತದೆ ಬಿಡು ಅಂದಳು.

ಗಂಗಕ್ಕನ ವಿಷಯ ಈಗ ಹೇಳಿಬಿಡುತ್ತೇನೆ, ಸಿಟ್ಟಾಗಬೇಡಿ. ಅವಳಿಗೆ ಆ ರಾತ್ರಿ ನಿದ್ದೆ ಬರಲಿಲ್ಲ. ನಾಯಿ ಬೊಗಳುವುದಿಲ್ಲ, ಕುರಿ ಕೆಮ್ಮುವುದಿಲ್ಲ, ಪಕ್ಕದಲ್ಲಿ ಯಾರೂ ಗೊರಕೆ ಹೊಡೆಯುವುದಿಲ್ಲ, ಇದೇನು ಮನೆಯೋ ಸಮಾಧಿಯೋ ಅಂತ ಬೆಳಗಿನವರೆಗೆ ಗೊಣಗಿದಳು. ಸೋಮವಾರ ಬೆಳಗ್ಗೆ ಎದ್ದವಳೇ ಹರಿಯಬ್ಬೆಯ ಮಗಳ ಮನೆಗೆ ಹೋಗುತ್ತೇನೆ, ಶನಿವಾರ ಬಂದು ಸೇರಿಕೊಳ್ಳುತ್ತೇನೆ, ತಮ್ಮನಿಗೆ ಹೇಳಬೇಡ ಅಂತ ಆಣೆ ಹಾಕಿಸಿಕೊಂಡು ಬಸ್ಸು ಹತ್ತಿದಳು. ಚೆನ್ನಾಗಿದ್ದಾಳೆ, ಮೊಮ್ಮಕ್ಕಳ ಗದ್ದಲದಲ್ಲಿ ಸುಖವಾಗಿ ನಿದ್ದೆ ಮಾಡುತ್ತಿರುತ್ತಾಳೆ. ಆಣೆ ಮುರಿದ ಪಾಪ ನನಗಿರಲಿ.

ಅವಳು ಹೋದ ಮೇಲೆ ನಾನು ಬಾಗಿಲು ಹಾಕಿ ಚಿಲಕ ಸರಿಸಿದೆ. ರೂಮಿನ ನಟ್ಟನಡುವೆ ನಿಂತು ಸೀರೆ ಉಟ್ಟೆ. ಮೂವತ್ತೆರಡು ವರ್ಷದಿಂದ ರಾಗಿ ಚೀಲದ ಹಿಂದೆ ನಿಂತು, ಬಾಯಲ್ಲಿ ಸೆರಗು ಕಚ್ಚಿಕೊಂಡು, ಯಾರೋ ಬಂದರು ಅಂದರೆ ಅಲ್ಲೇ ಕುಕ್ಕರಿಸುತ್ತ ಉಟ್ಟವಳು ನಾನು. ನಿಧಾನಕ್ಕೆ ನೆರಿಗೆ ಹಿಡಿದರೆ ಏಳು ಬಂತು. ಮನೆಯಲ್ಲಿ ಯಾವತ್ತೂ ನಾಲ್ಕು ದಾಟಿರಲಿಲ್ಲ. ಆಮೇಲೆ ಮಂಚದ ಮೇಲೆ ಕೂತು ಸ್ವಲ್ಪ ಹೊತ್ತು ಅತ್ತೆ. ಯಾವ ದುಃಖಕ್ಕೂ ಅಲ್ಲ. ಯಾಕೆ ಅಳುತ್ತೀಯ ಅಂತ ಕೇಳುವವರು ಯಾರೂ ಇರಲಿಲ್ಲ, ಅದಕ್ಕೆ ಅತ್ತೆ.

ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಬಾಗಿಲು ಬಡಿಯುವ ಸದ್ದು, ಮೂರು ಸಲ. ಹಿಡಿಕೆಗೆ ತೊಂದರೆ ಕೊಡಬೇಡಿ ಎಂಬ ಕೆಂಪು ಹಲಗೆ ನೇತುಹಾಕಿದ್ದೆ, ಆದರೂ ಬಡಿದರು. ರೂಮು ಗುಡಿಸುವ ನೇತ್ರಾವತಿ, ಹಿರಿಯೂರು ಕಡೆಯ ಹುಡುಗಿ. ಗುಡಿಸುವುದು ಬೇಡ ಹೋಗವ್ವ ಅಂದೆ. ಗುಡಿಸುವುದಿಲ್ಲ, ಸುಮ್ಮನೆ ಒಳಗೆ ಬಂದು ನೋಡಬೇಕು ಅಂದಳು. ಏನನ್ನು ನೋಡುತ್ತೀಯ ಅಂದರೆ, ನಿಮ್ಮನ್ನೇ ಅಂದಳು. ನನ್ನನ್ನು ನೋಡಲಿಕ್ಕೆ ನಾನೇನು ಜಾತ್ರೆಗೆ ಬಂದ ಎರಡು ತಲೆ ಕರುವೇ ಅಂತ ನಾನು ಚಿಲಕ ತೆಗೆಯಲಿಲ್ಲ. ಕೊನೆಗೆ ಮ್ಯಾನೇಜರ್ ಗುರುರಾಜ್ ಬಂದರು.

ಒಳ್ಳೆಯ ಮನುಷ್ಯ, ಬಾಗಿಲಿನ ಆಚೆಯಿಂದಲೇ ಕೈ ಮುಗಿದಂತೆ ಮಾತಾಡಿದರು. ಇಂಥ ಇನ್ನೊಂದು ಕಡೆ ಯಾರೋ ಹಿರಿಯರು ಹಲಗೆ ನೇತುಹಾಕಿ ಒಳಗೆ ಬಚ್ಚಲಲ್ಲಿ ಜಾರಿಬಿದ್ದಿದ್ದರಂತೆ. ಎರಡು ದಿನ ಯಾರಿಗೂ ಗೊತ್ತಾಗಲಿಲ್ಲವಂತೆ. ಅಂದಿನಿಂದ ಹಲಗೆ ಇರಲಿ ಬಿಡಲಿ, ದಿನಕ್ಕೊಮ್ಮೆ ಪ್ರತಿ ರೂಮಿನಲ್ಲೂ ಬರೆಸಿದಷ್ಟು ತಲೆ ಇವೆಯೇ ಅಂತ ನೋಡಿ ಫಾರಮ್ಮಿನಲ್ಲಿ ಬರೆಯಬೇಕು. ತಲೆ ಕಡಿಮೆ ಬಿದ್ದರೆ ರಿಜಿಸ್ಟರಿನಲ್ಲಿರುವ ಮನೆ ನಂಬರಿಗೆ ಫೋನ್ ಮಾಡಬೇಕು. ಅದು ನಿಮ್ಮ ನಂಬರು.

ಕೇಳುತ್ತ ನೀವೇ ನೆನಪಾದಿರಿ. ಸಂಜೆ ರೊಪ್ಪದ ಬಾಯಲ್ಲಿ ನಿಂತು ಕುರಿಗಳನ್ನು ಎರಡೆರಡಾಗಿ ಎಣಿಸಿ ಒಳಗೆ ಬಿಡುತ್ತೀರಲ್ಲ, ಒಂದು ಕಡಿಮೆ ಬಿದ್ದರೂ ತಟ್ಟೆ ಮುಂದೆ ಕೂರುವುದಿಲ್ಲ, ಬ್ಯಾಟರಿ ಹಿಡಿದು ಹೊರಡುತ್ತೀರಿ. ಹಾಗಾಗಿ ನಿಯಮ ತಪ್ಪು ಅಂತ ನನ್ನ ಬಾಯಲ್ಲಿ ಬರಲಿಲ್ಲ. ಆದರೆ ನನ್ನ ರೊಪ್ಪದಲ್ಲಿ ಒಂದು ತಲೆ ಹರಿಯಬ್ಬೆಗೆ ಹೋಗಿತ್ತು. ನಿಮಗೆ ಫೋನ್ ಬಂದರೆ ಗಂಗಕ್ಕ ಸಿಕ್ಕಿಬೀಳುತ್ತಾಳೆ, ನನ್ನನ್ನು ಮಾರನೇ ದಿನವೇ ವಾಪಸ್ ಕರೆಸುತ್ತೀರಿ. ಒಂದು ನಿಮಿಷ ಅಂತ ಹೇಳಿ ಆ ಮಂಚದ ಮೇಲೆ ಮೂರು ದಿಂಬು ಸಾಲಾಗಿ ಮಲಗಿಸಿ, ಗಂಗಕ್ಕ ಬಿಟ್ಟುಹೋದ ಸೀರೆ ಸುತ್ತಿ, ಕಂಬಳಿ ಹೊದಿಸಿ ಬಾಗಿಲು ತೆಗೆದೆ. ನಮ್ಮ ಯಜಮಾನರ ಅಕ್ಕ, ನಿದ್ದೆಯಲ್ಲಿದ್ದಾರೆ ಅಂದೆ. ನೇತ್ರಾವತಿ ಬಾಗಿಲಲ್ಲೇ ನಿಂತು ಎರಡು ಅಂತ ಬರೆದುಕೊಂಡಳು.

ಮಂಗಳವಾರ ಟವೆಲ್ಲು ಸುತ್ತಿ ಒಂದು ತುರುಬೂ ಮಾಡಿದೆ. ದಿಂಬಿನ ಗಂಗಕ್ಕ ಅಸಲಿ ಗಂಗಕ್ಕನಿಗಿಂತ ಚೆನ್ನಾಗಿ ಬಂದಳು, ಜೊತೆಗೆ ಬಾಯಿಯೂ ಇರಲಿಲ್ಲ. ಆದರೆ ನೇತ್ರಾವತಿ, ಅಮ್ಮ ನಿನ್ನೆಯಿಂದ ಮಲಗೇ ಇದ್ದಾರಲ್ಲ, ಡಾಕ್ಟರನ್ನು ಕರೆಸಬೇಕೆಂದು ನಿಯಮ ಇದೆ ಅಂದಳು. ಬೇಡವ್ವ, ಅವಳ ಸ್ವಭಾವವೇ ಹಾಗೆ, ಮನೆಯಲ್ಲೂ ಅಷ್ಟೇ ಅಂದುಬಿಟ್ಟೆ. ಆ ಮಾತು ಗಂಗಕ್ಕನ ಕಿವಿಗೆ ಬೀಳದ ಹಾಗೆ ನೋಡಿಕೊಳ್ಳುವುದು ನಿಮ್ಮ ಜವಾಬ್ದಾರಿ.

ಹೀಗೆ ದಿನಾ ಆಗುವುದಿಲ್ಲ ಅಂತ ನಾನೇ ಗುರುರಾಜರ ಹತ್ತಿರ ಹೋದೆ. ನಮ್ಮ ಹಟ್ಟಿಯಲ್ಲಿ ಯಾರೂ ಯಾರ ಮನೆಗೂ ಫಾರಮ್ಮು ಹಿಡಿದು ನುಗ್ಗುವುದಿಲ್ಲ, ಬೆಳಗ್ಗೆ ಬಾಗಿಲಿಗೆ ರಂಗೋಲಿ ಬಿದ್ದಿದ್ದರೆ ಒಳಗಿನವರು ಎದ್ದಿದ್ದಾರೆ ಅಂತ ಅರ್ಥ, ಬಿದ್ದಿಲ್ಲ ಅಂದರೆ ಹೋಗಿ ಕೂಗುತ್ತೇವೆ ಅಂದೆ. ದಿನಾ ಏಳು ಗಂಟೆಗೆ ರಂಗೋಲಿ ಹಾಕುತ್ತೇನೆ, ಅದನ್ನು ನೋಡಿ ಬರೆದುಕೊಳ್ಳಲಿ. ಅವರು ತಲೆ ಕೆರೆದುಕೊಂಡು, ಒಂದು ದಿನ ನೋಡೋಣ ಅಂದರು. ಗೆದ್ದೆ ಅಂತ ಬೀಗಿಕೊಂಡು ಬಂದೆ.

ಬುಧವಾರ ಬೆಳಗ್ಗೆ ಎದ್ದು ನೋಡಿದರೆ ರಂಗೋಲಿ ಪುಡಿಯೇ ಇಲ್ಲ. ಟೀ ಮಾಡಿಕೊಳ್ಳಲಿಕ್ಕೆ ಹಾಲಿನ ಪುಡಿ, ಸಕ್ಕರೆ ಪೊಟ್ಟಣ ಇಟ್ಟಿದ್ದರು. ಹತ್ತು ಪೊಟ್ಟಣ ಒಡೆದು ಬಾಗಿಲ ಮುಂದೆ ಹದಿನಾರು ಚುಕ್ಕಿಯ ರಂಗೋಲಿ ಹಾಕಿದೆ. ದಾರಿಯಲ್ಲಿ ಹೋಗುವವರು ನಿಂತು ಫೋಟೋ ತೆಗೆದರು. ಒಂಬತ್ತು ಗಂಟೆಗೆ ಇರುವೆ ಬಂದವು. ಹತ್ತಕ್ಕೆ ಬಾಗಿಲ ಸಂದಿಯಿಂದ ಒಳಗೆ ಬಂದು, ಸಾಲು ತಪ್ಪದೆ ಗಂಗಕ್ಕನ ಮಂಚ ಹತ್ತಿದವು. ಇರುವೆಗೆ ಔಷಧಿ ಹೊಡೆಯುವವನು, ಅವನಿಗೊಬ್ಬ ಸಹಾಯಕ, ಗುರುರಾಜ್, ಕುತೂಹಲಕ್ಕೆ ಬಂದ ಪಕ್ಕದ ರೂಮಿನ ದಂಪತಿ, ಎಲ್ಲರೂ ಒಳಗೆ. ದಿನಕ್ಕೆ ಎರಡು ನಿಮಿಷ ತೆರೆಯಬೇಕಿದ್ದ ಬಾಗಿಲು ಮಧ್ಯಾಹ್ನ ಒಂದು ಗಂಟೆಯವರೆಗೆ ತೆರೆದೇ ಇತ್ತು. ಅವರು ಬರುವ ಮುಂಚೆ ದಿಂಬುಗಳನ್ನು ಕಂಬಳಿಯಲ್ಲಿ ಸುತ್ತಿ ಮೂಲೆಗೆ ತಳ್ಳಿದ್ದೆ; ಗಂಗಕ್ಕ ತೋಟದಲ್ಲಿ ಅಡ್ಡಾಡುತ್ತಿದ್ದಾಳೆ ಅಂತ ಹೇಳಿ ನಾನು ಮರದ ಕೆಳಗೆ ತಲೆ ತಗ್ಗಿಸಿ ಕೂತಿದ್ದೆ.

ಎಲ್ಲ ಮುಗಿದ ಮೇಲೆ ಒಳಗೆ ಹೋದೆ. ನೇತ್ರಾವತಿ ಹಾಸಿಗೆ ಸರಿ ಮಾಡುತ್ತಿದ್ದಳು. ಅವಳ ಕೈಯಲ್ಲಿ ತುರುಬಿನ ಸಮೇತ ದಿಂಬಿತ್ತು. ಅವಳು ದಿಂಬನ್ನು ಮೊದಲಿದ್ದ ಹಾಗೇ ಮಲಗಿಸಿ, ಸೀರೆ ಸುತ್ತಿ, ಕಂಬಳಿ ಎಳೆದಳು. ಆಮೇಲೆ ಹೇಳಿದಳು:

“ನಮ್ಮನೇಲಿ ಒಂದೇ ಕೋಣೇಲಿ ಎಂಟು ಜನ ಅದೀವಿ ಕಣವ್ವ. ಖಾಲಿ ರೂಮ್ ಗುಡಿಸಾಕ್ ಹೋದಾಗ ನಾನೂ ಒಳಗಿಂದ ಚಿಲಕ ಹಾಕ್ಕಂಡು ಎರಡ್ ನಿಮಿಷ ಸುಮ್ನೆ ಕುಂತ್ಕಂತೀನಿ. ನೀವು ಯಾರಿಗೂ ಹೇಳ್ಬೇಡ್ರಿ, ನಾನೂ ಹೇಳಲ್ಲ.”

ಅವಳು ಹೋದ ಮೇಲೆ ಬಹಳ ಹೊತ್ತು ಯೋಚನೆ ಮಾಡಿದೆ. ನಿಮ್ಮ ಮೇಲೆ ಸಿಟ್ಟಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ, ಸಿಟ್ಟಿದೆ. ನೀವು, ಯತ್ತಪ್ಪ, ರಂಗೇಶ ಸೇರಿ ಅಂಗಳದಲ್ಲಿ ಕೋಲಿನಿಂದ ಹೊಸ ಮನೆಯ ನಕ್ಷೆ ಬರೆದಿರಿ. ನಾನು ಚಹಾ ತಂದವಳು ನಿಂತು ನೋಡಿದೆ. ದೊಡ್ಡ ಹಜಾರ, ಅಡುಗೆಮನೆ, ದೇವರ ಮನೆ, ಮಗ ಸೊಸೆಗೆ ಒಂದು ಕೋಣೆ, ಹಿಂದೆ ಕುರಿಗೆ ಶೆಡ್ಡು. ಶೆಡ್ಡಿನಲ್ಲಿ ಎಳೆ ಮರಿಗಳಿಗೆ ಬೇರೆ ಗೂಡು, ಗೂಡಿಗೆ ಬಾಗಿಲು, ಬಾಗಿಲಿಗೆ ಚಿಲಕ. ನೀವಿಬ್ಬರು ಎಲ್ಲಿ ಮಲಗುವುದು ಅಂತ ಯತ್ತಪ್ಪ ಕೇಳಿದ್ದಕ್ಕೆ ನೀವು, ನಮಗೇನಪ್ಪ, ಹಜಾರದಲ್ಲಿ ಒಂದು ಮೂಲೆ ಸಾಕು ಅಂದಿರಿ. ನಿಮಗೆ ಸಾಕು. ನನ್ನನ್ನು ಕೇಳಲಿಲ್ಲ. ನನಗೂ ಅಲ್ಲಿ ಬಾಯಿ ಬರಲಿಲ್ಲ. ಈ ವಯಸ್ಸಿನಲ್ಲಿ ಗಂಡ ಹೆಂಡತಿಗೆ ಕೋಣೆ ಬೇಕಂತೆ, ಚಿಲಕ ಬೇಕಂತೆ ಅಂತ ಹಟ್ಟಿ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಾರೆ. ಆಮೇಲೆ ಮೂರು ಸಲ ನಿಮಗೆ ಹೇಳಲು ಬಂದೆ. ಒಂದು ಸಲ ಗಂಗಕ್ಕ, ಒಂದು ಸಲ ರಂಜಿತಾ, ಇನ್ನೊಂದು ಸಲ ಮರಿಗೆ ಔಷಧಿ ಕೇಳಲು ಬಂದ ಜಂಪಣ್ಣ, ಯಾರಾದರೊಬ್ಬರು ಇದ್ದೇ ಇದ್ದರು.

ನನಗೆ ಆ ಮನೆಯಲ್ಲಿ ಒಂದು ಕೋಣೆ ಬೇಕು. ಹತ್ತಡಿಗೆ ಹತ್ತಡಿ ಸಾಕು. ಕಿಟಕಿ ಚಿಕ್ಕದಾದರೂ ಪರವಾಗಿಲ್ಲ. ಚಿಲಕ ಒಳಗಡೆ ಇರಬೇಕು.

ಒಬ್ಬಳೇ ಕೂತು ಅಳಲಿಕ್ಕೆ ಅಂತ ತಿಳಿಯಬೇಡಿ. ನಿಮ್ಮ ಜೊತೆ ಯಾರೂ ಕೇಳದ ಹಾಗೆ ಒಂದು ಸಲ ಜೋರಾಗಿ ಜಗಳ ಆಡಬೇಕು ಅಂತ ಮೂವತ್ತೆರಡು ವರ್ಷದಿಂದ ಆಸೆ. ನಮ್ಮ ಜಗಳವೆಲ್ಲ ಇಲ್ಲಿಯವರೆಗೆ ಕಣ್ಣಲ್ಲೇ ಮುಗಿದಿದೆ. ಜಗಳ ಮುಗಿದ ಮೇಲೆ ಇಬ್ಬರೇ ಕೂತು ಒಂದು ಲೋಟ ಚಹಾ ಕುಡಿಯಬೇಕು. ನಿಮ್ಮ ಬೆನ್ನು ನೋವಿಗೆ ಎಣ್ಣೆ ತಿಕ್ಕಬೇಕು, ಗಂಗಕ್ಕ ಪಕ್ಕದಲ್ಲಿ ನಿಂತು ಇನ್ನೂ ಕೆಳಗೆ ಕಣೇ ಅಂತ ಹೇಳದ ಹಾಗೆ. ನೀವಿಲ್ಲದೆ ಈ ರೂಮು ನನಗೆ ಎರಡು ದಿನ ಹಬ್ಬ ಅನ್ನಿಸಿತು, ಮೂರನೇ ದಿನದಿಂದ ಬಿಕೋ ಅನ್ನುತ್ತಿದೆ. ಇದನ್ನು ಸ್ಪೀಕರಿನಲ್ಲಿ ಹೇಗೆ ಹೇಳಲಿ?

ಇವತ್ತಿನ ಫಾರಮ್ಮಿನಲ್ಲಿ ಅದು ಹೇಗೋ ಒಂದೇ ತಲೆ ಅಂತ ಬಿತ್ತು. ಗುರುರಾಜ್ ನಿಯಮದ ಪ್ರಕಾರ ನಿಮಗೆ ಫೋನ್ ಮಾಡಿದರಂತೆ. ಅತಿಥಿಗಳ ವಿಷಯ ಫೋನಿನಲ್ಲಿ ಬಿಡಿಸಿ ಹೇಳಬಾರದು ಅಂತ ಇವರಲ್ಲಿ ಇನ್ನೊಂದು ನಿಯಮ ಇದೆ. ಹಾಗಾಗಿ ಇಬ್ಬರಲ್ಲಿ ಒಬ್ಬರು ಕಾಣಿಸುತ್ತಿಲ್ಲ ಅಂತಷ್ಟೇ ಹೇಳಿರಬೇಕು, ಯಾರು ಅಂತ ಹೇಳಿರಲಿಕ್ಕಿಲ್ಲ. ಗಾಬರಿಯಾಗಿದ್ದರೆ ಕ್ಷಮಿಸಿ. ಇಬ್ಬರೂ ಕ್ಷೇಮ.

ಸೋಮವಾರ ಸುಣ್ಣದ ಗೆರೆ ಎಳೆಯುವಾಗ ಯತ್ತಪ್ಪನಿಗೆ ಏನು ಹೇಳುತ್ತೀರೋ ನಿಮಗೆ ಬಿಟ್ಟಿದ್ದು.

ಇಂತಿ,
ನಿಮ್ಮ ಲೆಕ್ಕದಲ್ಲಿ ತಪ್ಪಿಹೋಗಿದ್ದ
ಹುಚ್ಚಕ್ಕ

ತಾ.ಕ.: ಬಾಗಿಲ ಸಂದಿಯಲ್ಲಿ ನಿಮ್ಮ ಟೈರ್ ಚಪ್ಪಲಿ ಕಾಣುತ್ತಿವೆ. ಕೂಗಬೇಡಿ, ನಾನು ಜೀವಂತ ಇದ್ದೇನೆ. ಒಂದೇ ತಲೆ ಅಂತ ಬರಿ ಅಂತ ನೇತ್ರಾವತಿಗೆ ನಾನೇ ಹೇಳಿದೆ. ದಿಂಬಿನ ಗಂಗಕ್ಕನನ್ನು ಬೆಳಗ್ಗೆ ನಾನೇ ಬಿಚ್ಚಿಟ್ಟೆ. ಬನ್ನಿ ಅಂತ ಕರೆದರೆ ನೀವು ಬರುವವರಲ್ಲ, ತಲೆ ಒಂದು ಕಡಿಮೆ ಅಂದರೆ ನಿಲ್ಲುವವರಲ್ಲ. ಮರಿ ಹಾಕುವ ಕುರಿಗಳನ್ನು ಬಿಟ್ಟು ಬಂದಿದ್ದೀರಿ, ನನಗೆ ಅಷ್ಟು ಸಾಕು. ಈ ಕಾಗದವನ್ನು ಬಾಗಿಲ ಕೆಳಗಿನಿಂದ ತಳ್ಳುತ್ತಿದ್ದೇನೆ. ಅಲ್ಲೇ ಮೆಟ್ಟಿಲ ಮೇಲೆ ಕೂತು ನಿಧಾನವಾಗಿ ಓದಿ. ಕನ್ನಡಕ ಮರೆತು ಬಂದಿದ್ದರೆ ಗುರುರಾಜರ ಕೈಲಿ ಓದಿಸಬೇಡಿ, ಅದು ಮತ್ತೆ ಸ್ಪೀಕರ್ ಹಾಕಿದ ಹಾಗೆ. ಕೋಣೆಗೆ ಒಪ್ಪಿದರೆ ಬಾಗಿಲು ತಟ್ಟಿ, ಒಪ್ಪದಿದ್ದರೂ ತಟ್ಟಿ, ಜಗಳಕ್ಕೆ ಎರಡು ದಿನ ಇದೆ. ನೀವು ಈಗ ಒಂದು ಸಲ ತಟ್ಟಿದ್ದು ಕೇಳಿಸಿತು. ಮೂವತ್ತೆರಡು ವರ್ಷದಲ್ಲಿ ನೀವು ನನ್ನ ಬಾಗಿಲು ತಟ್ಟಿದ್ದು ಇದೇ ಮೊದಲು. ಇನ್ನೊಂದು ಸಲ ತಟ್ಟಿ, ಕೇಳಬೇಕು ಅನ್ನಿಸುತ್ತಿದೆ.