ತನ್ಮಯಿಗೆ ಸಿಟ್ಟು ಬರಲಿಲ್ಲ

ಜುಲೈ ೧೬, ಬುಧವಾರ

ಮಗಳು ತನ್ಮಯಿಯ ಹಾಡು ಇವತ್ತೂ ರೆಕಾರ್ಡ್ ಆಗಲಿಲ್ಲ. ಹೇಳಿದವನು ರೇವಂತ್, ಅವಳ ಹಿಪ್‌ಹಾಪ್ ಬ್ಯಾಂಡಿನ ಜೊತೆಗಾರ. ಅವಳು ಚಪ್ಪಲಿ ಬಿಟ್ಟವಳೇ ಕೋಣೆ ಸೇರಿದಳು. ಶುಕ್ರವಾರದೊಳಗೆ ಮುಗಿಯದಿದ್ದರೆ ಈ ಹಾಡನ್ನು ಆಲ್ಬಂನಿಂದ ಕೈಬಿಡುತ್ತಾರಂತೆ. ಅದರಲ್ಲಿ ಅವಳೇ ಬರೆದದ್ದು ಇದೊಂದೇ.

ಮೊದಲ ಆಲ್ಬಂ ಇಟ್ಟಮಡುವಿನ ಈ ಮನೆಯಲ್ಲೇ ಆಗಿತ್ತು. ಗೋಡೆಗೆ ಹಾಸಿಗೆ ಒರಗಿಸಿ, ಒಂದೇ ಮೈಕಿಗೆ ಇಬ್ಬರೂ ಎದುರುಬದುರು ನಿಂತು ಜಗಳವಾಡುವಂತೆ ಹಾಡಿದ್ದರು. ಈ ಸಲದ್ದು ಜೆ.ಪಿ. ನಗರದ ಸ್ಟುಡಿಯೋದಲ್ಲಿ; ಅಲ್ಲಿ ಗಾಜಿನ ಕೋಣೆಗೆ ಒಬ್ಬೊಬ್ಬರನ್ನೇ ಕಳಿಸುತ್ತಾರೆ.

“ಗೋಡೆ ನೋಡ್ಕೊಂಡು ಬೈಯೋಕಾಗುತ್ತಾ ಅಪ್ಪ? ಇವನ ಮೂತಿ ನೋಡಿದ್ರೇನೇ ನಂಗೆ ಸಿಟ್ಟು ಬರೋದು,” ಎಂದಳು ಊಟಕ್ಕೆ ಕೂತಾಗ.

“ನೋಡಿ ಅಂಕಲ್, ನನ್ನ ಮೂತಿ ಇಲ್ದೆ ಬ್ಯಾಂಡೇ ಇಲ್ಲ,” ಎಂದ ರೇವಂತ್, ಅವಳ ತಟ್ಟೆಯ ಹಪ್ಪಳ ಮುರಿಯುತ್ತ.

ಅವಳು ಅವನ ಕೈಗೆ ಹೊಡೆದು, ಹಾಡಿನ ಮೊದಲ ಸಾಲನ್ನು ಮುಖಕ್ಕೇ ಎಸೆದಳು. ಅವನು ತುಂಬಿದ ಬಾಯಲ್ಲೇ ಎರಡನೆಯದನ್ನು ಹೇಳಿದ. ಹಾಡು ನಿಲ್ಲಲೇ ಇಲ್ಲ. ಬಡಿಸುತ್ತಿದ್ದ ನನ್ನ ಹೆಂಡತಿ ಸೀತಾಲಕ್ಷ್ಮಿ ಸೌಟು ಹಿಡಿದು ಹಾಗೇ ನಿಂತಿದ್ದಳು. ನನಗೆ ಅರ್ಧ ಮಾತು ತಿಳಿಯಲಿಲ್ಲ, ಆದರೂ ಎಷ್ಟು ಖುಷಿಯಾಯಿತೆಂದರೆ ಮಜ್ಜಿಗೆ ಹಾಕಿಸಿಕೊಳ್ಳುವುದನ್ನೇ ಮರೆತೆ.

ರೇವಂತ್ ಎಡಗೈಯಲ್ಲೇ ಸ್ಟುಡಿಯೋಗೆ ಫೋನ್ ಮಾಡಿದ. ನಾಳೆ ಹತ್ತು ಗಂಟೆಗೆ ಇಬ್ಬರನ್ನೂ ಒಂದೇ ಮೈಕಿನ ಮುಂದೆ ನಿಲ್ಲಿಸಿ ರೆಕಾರ್ಡ್ ಮಾಡುತ್ತಾರೆ.